ಬಾದಲ್ ಯಾಕೆ ಹಾಡಲಿಲ್ಲ?

ಹಾಡುಹಕ್ಕಿ ಬಾದಲ್ ಪಂಜರದ ತಳದಲ್ಲಿ ಸತ್ತು ಬಿದ್ದಿತ್ತು. ಅದೂ ಭಾನುವಾರ ಬೆಳಿಗ್ಗೆ—ಗಯಾನಾದ ಆ ಕರಾವಳಿ ಊರಿನ ಗಂಡಸರೆಲ್ಲ ಪಂಜರ ಹಿಡಿದು ಹಕ್ಕಿಗಳ ಸಿಳ್ಳೆ ಪಂದ್ಯಕ್ಕೆ ಹೊರಡುವ ಹೊತ್ತಿನಲ್ಲಿ!

"ಓತಾರನೇ ಕೊಂದಿದ್ದು! ಕಾಳು ತಂದುಕೊಟ್ಟನಲ್ಲ ನಿನ್ನೆ, ಅದ್ರಲ್ಲೇ ವಿಷ!" ಬಾದಲ್‌ನ ಒಡೆಯ ಬಿಸ್ರಾಮ್ ಮಚ್ಚು ಹಿಡಿದಿದ್ದ. ಓತಾರ್ ಪಕ್ಕದ ಮನೆಯವನು, ಪಂದ್ಯದಲ್ಲಿ ಎದುರಾಳಿ, ಬಾಲ್ಯದ ಗೆಳೆಯ.

ಬಿಸ್ರಾಮನ ಹೆಂಡತಿ ಸೋನ್‌ಮತಿಗೆ ತಲೆ ಸಿಡಿಯುತ್ತಿತ್ತು. ಗಂಡನನ್ನು ತಡೆಯಲಾರದೆ ಸಾರ್ಜೆಂಟ್ ಕ್ಯಾಡೋಗನ್‌ಗೆ ಹೇಳಿಕಳಿಸಿದ್ದಳು. ನಿವೃತ್ತ ಪೊಲೀಸ್, ಈಗ ಪಂದ್ಯದ ತೀರ್ಪುಗಾರರು.

ಅವರು ಬಂದವರೇ ಪಂಜರದೊಳಗಿನ ಕಾಳಿನ ಬಟ್ಟಲನ್ನು ಉಫ್ ಎಂದು ಊದಿದರು.

"ಒಂದು ಸಿಪ್ಪೆನೂ ಹಾರಲಿಲ್ಲ. ತಿಂದಿದ್ರೆ ಸಿಪ್ಪೆ ಬಿಡ್ತಿರಲಿಲ್ವಾ? ಮುಟ್ಟೇ ಇಲ್ಲ ಕಣಯ್ಯಾ. ಯಾವಾಗ ಹಾಕಿದ್ದು?"

"ಬೆಳಿಗ್ಗೆ," ಎಂದ ಬಿಸ್ರಾಮ್. "ಆಗ ಚೆನ್ನಾಗೇ ಇತ್ತು."

"ಕಿಟಕಿ ಯಾಕೆ ಮುಚ್ಚಿದೆ?"

"ಪಂದ್ಯದ ದಿನ ಗಾಳಿ ತಗಲಬಾರದು ಅಂತ ನಾನೇ ಹಾಕಿದ್ದು."

"ಆಮೇಲೆ ಈ ಅಡುಗೆಮನೇಲಿ ಯಾರಿದ್ರು?"

"ನಾನೊಬ್ಳೇ ಸಾರ್," ಎಂದಳು ಸೋನ್‌ಮತಿ, ಸಿಡಿಯುವ ಹಣೆ ಒತ್ತಿಕೊಳ್ಳುತ್ತಾ. "ರೊಟ್ಟಿಗೆ ತವಾ ಕಾಯಕ್ಕಿಟ್ಟು ಹಿಟ್ಟು ನಾದ್ತಿದ್ದೆ."

"ಖಾಲಿ ತವಾನಾ?"

"ಹೊಗೆ ಬರೋವರೆಗೆ ಕಾಯದೆ ರೊಟ್ಟಿ ಹಾಕ್ತಾರಾ? ನಮ್ಮತ್ತೆ ಕಲಿಸಿದ್ದೇ ಹಂಗೆ."

ಸಾರ್ಜೆಂಟ್ ತವಾ ಎತ್ತಿದರು. ಹಗುರವಾಗಿತ್ತು.

"ಇದು ನಿಮ್ಮತ್ತೆ ತವಾ ಅಲ್ವಲ್ಲಮ್ಮ?"

"ಅದು ಕಬ್ಬಿಣದ್ದು, ಭಾರ. ನನ್ನ ಕೈ ನೋವು ನೋಡಲಾರದೆ ಇವರೇ ಈ ನಾನ್‌ಸ್ಟಿಕ್ ತಂದ್ರು."

ಸಾರ್ಜೆಂಟ್ ನಿಟ್ಟುಸಿರಿಟ್ಟರು.

"ಎಲ್ರೂ ಕಾಳು ನೋಡಿದ್ರಿ, ತವಾ ಯಾರೂ ನೋಡ್ಲಿಲ್ಲ. ಕಬ್ಬಿಣ ಎಷ್ಟು ಕಾದ್ರೂ ತಡೆಯುತ್ತೆ. ಈ ಲೇಪ ಖಾಲಿ ಕಾದ್ರೆ ಅದರ ಹೊಗೆ ಹಕ್ಕಿಗೆ ವಿಷ. ಮುಚ್ಚಿದ ಕೋಣೇಲಿ ನಿನಗೇ ತಲೆನೋವು ಬಂತಲ್ಲಮ್ಮ. ಇಷ್ಟು ಪುಟ್ಟ ಎದೆ ಏನು ತಡೆದೀತು? ಕೊಂದಿದ್ದು ಈ ತವಾ, ಬಿಸ್ರಾಮ್. ತಂದೋನು ನೀನು, ಕಾಯಿಸಿದೋಳು ಇವಳು, ಕಿಟಕಿ ಹಾಕಿದೋನೂ ನೀನೇ. ಯಾರಿಗೆ ಬೇಡಿ ಹಾಕ್ಲಿ?"

ಬಿಸ್ರಾಮನ ಕೈಯಿಂದ ಮಚ್ಚು ಜಾರಿತು.

"ರೆಕ್ಕೆ ಬಡೀತಿತ್ತು ಕಣ್ರೀ," ಸೋನ್‌ಮತಿ ಬಿಕ್ಕಿದಳು. "ಪಂದ್ಯದ ಹುರುಪು ಅಂದ್ಕೊಂಡೆ. 'ಸುಮ್ನಿರು, ಅಲ್ಲಿ ಹೋಗಿ ಹಾಡೀಯಂತೆ' ಅಂತ ಗದರಿದೆ."

ಬಿಸ್ರಾಮ್ ಹೋಗಿ ಕಿಟಕಿ ತೆಗೆದ. ಹೊರಗೆ ಬೇಲಿಯಾಚೆ ಓತಾರ್ ಪಂಜರ ಹಿಡಿದು ಕಾಯುತ್ತಿದ್ದ.

"ಹೊತ್ತಾಯ್ತು, ಬಾದಲ್‌ನ ಕರ್ಕೊಂಡು ಬಾರೋ!"