ನಮ್ಮ ಮನೆಯ ಸಸ್ಯಾಹಾರಿ ಮೀನು

"ಸಸ್ಯಾಹಾರಿ ಮೀನು ಇದೆಯೇನಪ್ಪಾ?" ಎಂದು ಅಪ್ಪ ಕೇಳಿದಾಗ ಅಂಗಡಿಯವನು ನಕ್ಕುಬಿಟ್ಟ. ಅಪ್ಪ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದ, ಪಾಪ. ಹೊಳೆನರಸೀಪುರದ ವಕೀಲ ಗಿರಿಧರ ರಾಯರು ತಮಾಷೆ ಮಾಡಿದ್ದನ್ನು ಮಗಳಾದ ನಾನೇ ಇಪ್ಪತ್ತಾರು ವರ್ಷದಲ್ಲಿ ಕಂಡಿರಲಿಲ್ಲ.

ಅವನ ನಗು ನೋಡಿ ನನಗೂ ನಗು ಬಂತು. ದುಪಟ್ಟಾ ಬಾಯಿಗೆ ಅಡ್ಡ ಹಿಡಿದೆ. ಅವನು ಅದನ್ನು ನೋಡಿದ. ನೋಡಿದ್ದು ನನಗೆ ಗೊತ್ತಾಯಿತು ಎಂಬುದನ್ನೂ ನೋಡಿ, ತಟ್ಟನೆ ತಲೆ ಬಗ್ಗಿಸಿ ಮೀನಿನ ಬಲೆ ಹುಡುಕತೊಡಗಿದ. ಬಲೆ ಅವನ ಕೈಯಲ್ಲೇ ಇತ್ತು.

ಹಾಸನದ ಬಿ.ಎಂ. ರಸ್ತೆಯ ಆ ಅಂಗಡಿಗೆ ನಾವು ಹೋಗಿದ್ದು ವಾಸ್ತು ಹೇಳುವವರೊಬ್ಬರ ಮಾತು ಕೇಳಿ. ಸಾಲಾಗಿ ಮೂರು ಕೇಸು ಸೋತಿದ್ದ ಅಪ್ಪನಿಗೆ ಅವರು, ಈಶಾನ್ಯಕ್ಕೆ ನೀರಿಡಿ, ನೀರಿನಲ್ಲಿ ಅರೋವಾನಾ ಬಿಡಿ ಎಂದಿದ್ದರು.

"ಇದೇ ಅರೋವಾನಾ ಸಾ," ಎಂದು ಅವನು ಒಂದು ತೊಟ್ಟಿ ತೋರಿಸಿದ. ಬೆಳ್ಳಿ ತಗಡಿನಂಥ ಉದ್ದನೆಯ ಮೀನು, ಗದ್ದದಲ್ಲಿ ಎರಡು ಮೀಸೆ. "ಇದು ಸೊಪ್ಪು ಸದೆ ತಿನ್ನಕಿಲ್ಲ ಸಾ. ಸೀಗಡಿ, ಉಳ, ಸಣ್ ಮೀನು, ಇಂಥವೇ ಬೇಕು."

"ಅಭ್ಯಾಸ ಮಾಡಿಸಿದರೆ ಎಲ್ಲ ಆಗುತ್ತೆ," ಎಂದರು ಅಪ್ಪ.

ಮೀನು ಬಂತು. ಹಾಲಿನ ಮೂಲೆಯಲ್ಲಿ ಆರಡಿಯ ಗಾಜಿನ ತೊಟ್ಟಿ ಕೂತಿತು. ಅಪ್ಪ ಮೀನಿಗೆ ನಾರಾಯಣ ಎಂದು ಹೆಸರಿಟ್ಟರು. ಹದಿನೈದು ದಿನಕ್ಕೊಮ್ಮೆ ಶನಿವಾರ ಆ ಅಂಗಡಿಯವನು, ಅಂದರೆ ರುದ್ರೇಶ, ಪೈಪು ಬಕೆಟ್ಟು ಸಮೇತ ಹಾಸನದಿಂದ ಬಂದು ಮೂರರಲ್ಲೊಂದು ಪಾಲು ನೀರು ತೆಗೆದು ಹೊಸ ನೀರು ತುಂಬಿಸುವುದೆಂದಾಯಿತು. ಹಿತ್ತಲ ನಲ್ಲಿಗೆ ಪೈಪು ಸಿಕ್ಕಿಸಿದರೆ ನೀರು ತುಂಬಲು ಹದಿನೈದು ನಿಮಿಷ ಸಾಕಾಗುತ್ತಿತ್ತು.

ಊಟ ಮಾತ್ರ ನಮ್ಮ ಮನೆಯ ಪದ್ಧತಿ. ರುದ್ರೇಶ ಕೊಟ್ಟ ಕಂದು ಬಣ್ಣದ ಪೆಲೆಟ್ ಕಾಳು ಗೋಧಿಯದ್ದು ಎಂದು ಅಪ್ಪ ತಾವೇ ತೀರ್ಮಾನಿಸಿದರು. ನಾರಾಯಣ ಅದನ್ನು ಬಾಯಿಗೆ ಹಾಕಿಕೊಂಡು ಉಗುಳಿದ. ಅಮ್ಮ ನೆನೆಸಿದ ಕಡಲೆಬೇಳೆ ಹಾಕಿದಳು, ಪನೀರ್ ಹಾಕಿದಳು, ದ್ವಾದಶಿಯ ದಿನ ಅವಲಕ್ಕಿಯನ್ನೂ ಹಾಕಿದಳು. ಅವನು ಯಾವುದಕ್ಕೂ ಮೂತಿ ಹಾಕಲಿಲ್ಲ. ಮೂರು ವಾರಕ್ಕೆ ಬೆನ್ನು ಬತ್ತಿತು.

"ಸಾಯ್ತದೆ ಮೇಡಂ," ಎಂದ ರುದ್ರೇಶ, ತೊಟ್ಟಿಯ ಹಿಂದೆ ಬಗ್ಗಿದ್ದವನು, ನನಗೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ. ಅಪ್ಪ ಮುಂದಿನ ಕೋಣೆಯಲ್ಲಿ ಕಕ್ಷಿದಾರರ ಜೊತೆ ಇದ್ದರು.

"ಅಪ್ಪನಿಗೆ ಹೇಳಿ."

"ನಿಮ್ಮಪ್ಪಾರಿಗೆ ನಾನ್ ಏಳೋದಾ? ಜಡ್ಜ್ ಸಾಹೇಬ್ರ ಕೈಲೇ ಆಗಕಿಲ್ಲ."

ಮತ್ತೆ ನಗು. ಅವನ ಬಲಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ ಎಂದು ಅವತ್ತು ಕಂಡೆ. ಅವನು ಚೀಲದಿಂದ ಒಂದು ಐಸ್‌ಕ್ರೀಂ ಡಬ್ಬಿ ತೆಗೆದು ನನ್ನ ಕೈಗಿಟ್ಟ. ಸುಲಿದು ಬೇಯಿಸಿದ ಸೀಗಡಿ. ದಿನಕ್ಕೆ ಎರಡು, ಯಾರೂ ಇಲ್ಲದಾಗ.

ನಮ್ಮ ಮನೆಯ ಫ್ರಿಜ್ಜಿನಲ್ಲಿ ಈರುಳ್ಳಿಗೇ ಪ್ರವೇಶವಿಲ್ಲ. ನಾನು ಡಬ್ಬಿಯ ಮೇಲೆ ಬಿಳಿ ಕಾಗದ ಅಂಟಿಸಿ, ದಪ್ಪ ಅಕ್ಷರದಲ್ಲಿ "ಮೆಹೆಂದಿ, ಮುಟ್ಟಬೇಡಿ" ಎಂದು ಬರೆದು ಫ್ರೀಜರಿನ ಹಿಂಬದಿಗೆ ತಳ್ಳಿದೆ. ಪಿಯು ಕಾಲೇಜಿನಲ್ಲಿ ಮಕ್ಕಳಿಗೆ ಪ್ರಾಮಾಣಿಕತೆಯ ಪಾಠ ಮಾಡುವವಳು ನಾನು.

ಮೊದಲ ಸೀಗಡಿಯನ್ನು ಎರಡು ಉಗುರಿನ ತುದಿಯಲ್ಲಿ ಎತ್ತಿ ದೂರ ಹಿಡಿದೆ. "ಇಂಗಲ್ಲ," ಎಂದು ರುದ್ರೇಶ ನನ್ನ ಬೆರಳು ಹಿಡಿದು ತೋರಿಸಿದ. "ಬಾಲ ಇಡ್ಕಳಿ. ನೀರಿಗೆ ತಾಗಿಸ್ಕಂಡಿರಿ. ಅವ್ನು ಬಂದ್ ತಕ್ಷಣ ಬಿಟ್ಬುಡಿ." ನಾರಾಯಣ ಕೆಳಗಿನಿಂದ ಬೆಳ್ಳಗೆ ಮೇಲೆದ್ದು ಬಂದ. ನಾನು ಬಿಟ್ಟೆ. ರುದ್ರೇಶ ಬಿಡಲಿಲ್ಲ. ನೀರಿನೊಳಗೆ ನಮ್ಮ ಬೆರಳುಗಳು ಹಾಗೇ ಇದ್ದವು, ಅಮ್ಮನ ಬಳೆ ಸದ್ದು ಕೇಳಿಸುವ ತನಕ.

ಒಂದು ತಿಂಗಳಲ್ಲಿ ನಾರಾಯಣ ಮೈತುಂಬಿಕೊಂಡ. ಅಪ್ಪ ಒಂದು ಕೇಸು ಗೆದ್ದರು. ಬಂದವರಿಗೆಲ್ಲ ತೊಟ್ಟಿ ತೋರಿಸಿ, "ಕಟುಕ ಜಾತಿಯ ಮೀನು ಸ್ವಾಮೀ, ನಮ್ಮ ಮನೆಗೆ ಬಂದು ಶುದ್ಧ ಸಸ್ಯಾಹಾರಿ ಆಗಿದೆ. ಸಂಸ್ಕಾರ ಅಂದರೆ ಇದು," ಎನ್ನುತ್ತಿದ್ದರು. ಪೈಪು ಹಿಡಿದು ನಿಂತ ರುದ್ರೇಶ ಛಾವಣಿ ನೋಡುತ್ತಿದ್ದ. ನಾನು ಅಡುಗೆಮನೆಗೆ ಓಡಿ ನಗುತ್ತಿದ್ದೆ. ಅಷ್ಟು ಸುಖವಾಗಿ ನಾನು ಆಮೇಲೆ ನಕ್ಕಿಲ್ಲ.

ಪುಸ್ತಕ ತರುವ ನೆಪದಲ್ಲಿ ಭಾನುವಾರ ಹಾಸನಕ್ಕೆ ಹೋಗುವುದು ಶುರುವಾಯಿತು. ಅಂಗಡಿಯ ಹಿಂದಿನ ಸಾಲಿನಲ್ಲಿ, ತೊಟ್ಟಿಗಳ ನೀಲಿ ಬೆಳಕಿನಲ್ಲಿ, ಎರಡು ಸ್ಟೂಲು. ಮೇಡಂ ಹೋಗಿ ಗೌರಿ ಬಂತು. ಮದುವೆಯ ಮಾತೂ ಬಂತು. ಅಲ್ಲಿಂದಲೇ ನಾನು ಅವನನ್ನು ತಿದ್ದತೊಡಗಿದೆ.

"ಓಗ್ತೀನಿ ಅಲ್ಲ, ಹೋಗ್ತೀನಿ. ಅಪ್ಪನ ಮುಂದೆ ಹಾಗೆಲ್ಲ ಮಾತಾಡಿದರೆ ಮುಗೀತು. ಹ ಅನ್ನು."

"ಹ," ಎಂದು ಅವನು ಪಕ್ಕದ ತೊಟ್ಟಿಯ ಗಾಜಿಗೆ ಜೋರಾಗಿ ಉಸಿರು ಬಿಟ್ಟ. ಗಾಜು ಮಂಜಾಯಿತು. ಅದರ ಮೇಲೆ ಬೆರಳಿನಿಂದ 'ಗೌ' ಎಂದು ಬರೆದ. "ಇನ್ನೊಂದ್ಸಲ ಅನ್ಲಾ? ಇನ್ನೊಂದ್ ಅಕ್ಷರ ಐತೆ."

ಮಾಂಸವನ್ನೂ ಬಿಡಿಸಿದೆ. ನಾನೇನೂ ಬಲವಂತ ಮಾಡಲಿಲ್ಲ, ಅಪ್ಪ ಒಪ್ಪಬೇಕಲ್ಲ ಎಂದೆ ಅಷ್ಟೆ. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಅರಕಲಗೂಡು ಕಡೆಯ ಅವನ ಊರಲ್ಲಿ ಮರಿ ಕುಯ್ದಿದ್ದರು. ಇಡೀ ಮನೆ ಉಣ್ಣುವಾಗ ಅವನೊಬ್ಬ ಮಜ್ಜಿಗೆ ಅನ್ನ ಕಲಸಿಕೊಂಡನಂತೆ. ಅವನ ಅಜ್ಜಿ ದೊಡ್ಡತಾಯಮ್ಮ, "ಯಾಕ್ಲಾ ಮಗಾ, ಮೈಯಾಗ್ ಉಸಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿ, ತಾನೂ ಉಣ್ಣದೆ ಎದ್ದುಹೋದರಂತೆ.

ಅವನು ಅದನ್ನು ನಗುತ್ತಲೇ ಹೇಳಿದ. ಗುಳಿ ಬೀಳಲಿಲ್ಲ. ನಾನು ಅವನ ಕೈ ಸವರಿ, "ಅಭ್ಯಾಸ ಆಗುತ್ತೆ ಬಿಡು," ಎಂದೆ. ಅದು ಯಾರ ಮಾತು ಎಂದು ನನಗೆ ಅವತ್ತು ಹೊಳೆಯಲೇ ಇಲ್ಲ.

ಅಪ್ಪನ ಬಳಿ ಮಾತಾಡಲು ಒಂದು ಶನಿವಾರ ಗೊತ್ತು ಮಾಡಿದೆವು. ನೀರು ಬದಲಿಸಿದ ಮೇಲೆ ನಾನು ಎಲ್ಲರಿಗೂ ಕಾಫಿ ತರಬೇಕು, ತಂದು ಮಾತು ತೆಗೆಯಬೇಕು.

"ಒಂದ್ ಮಾತು ನೀನು ಶುರು ಮಾಡು ಗೌರಿ, ಸಾಕು," ಎಂದಿದ್ದ. "ಆಮೇಲೆ ಒದೆ ಬಿದ್ರೂ ನಾನ್ ನೋಡ್ಕೋತೀನಿ."

ಅವತ್ತು ಅವನು ಇಸ್ತ್ರಿ ಮಾಡಿದ ಕೆನೆ ಬಣ್ಣದ ಶರ್ಟಿನಲ್ಲಿ ಬಂದ. "ನಮಸ್ಕಾರ ಸಾರ್, ಹೇಗಿದ್ದೀರಿ?" ಎಂದ. ಒಂದೊಂದು ಅಕ್ಷರವೂ ಅಚ್ಚುಕಟ್ಟು. ಹಳೆಯ ನೀರು ತೆಗೆದ. ಒಳಗೆ ನಾನು ಕಾಫಿಗೆ ಡಿಕಾಕ್ಷನ್ ಸೋಸುತ್ತಿದ್ದೆ.

ಆಗ ಪಕ್ಕದ ಮನೆಯ ರಂಜಿನಿ ಹಿತ್ತಲ ಬಾಗಿಲಿಗೆ ಬಂದಳು. ಅಕ್ಕನ ಮಗುವಿನ ನಾಮಕರಣವಂತೆ, ಸ್ವಲ್ಪ ಮೆಹೆಂದಿ ಇದೆಯಾ ಚಿಕ್ಕಮ್ಮಾ ಎಂದಳು. "ಅದಕ್ಕೇನಂತೆ, ನಮ್ಮ ಗೌರಿ ಡಬ್ಬಿಗಟ್ಟಲೆ ಇಟ್ಟಿದ್ದಾಳೆ," ಎಂದು ಅಮ್ಮ ಫ್ರೀಜರಿಗೆ ಕೈ ಹಾಕಿದಳು. ನನ್ನ ಎರಡೂ ಕೈಯಲ್ಲಿ ಬಿಸಿ ಪಾತ್ರೆ. ಬಾಯಿ ಖಾಲಿ ಇತ್ತಲ್ಲ, ಅದನ್ನೂ ತೆರೆಯಲಿಲ್ಲ.

ಮುಚ್ಚಳ ತೆಗೆದು ನೋಡಿದ ಅಮ್ಮ ಕಿರುಚಲಿಲ್ಲ. ರಂಜಿನಿಯನ್ನು ಇಲ್ಲವಮ್ಮಾ ಎಂದು ಕಳಿಸಿ ಬಾಗಿಲು ಹಾಕಿದಳು. ಹಳೆ ಪೇಪರಿನಲ್ಲಿ ಡಬ್ಬಿ ಹಿಡಿದುಕೊಂಡು ಹೋಗಿ ಹಾಲಿನಲ್ಲಿ ಅಪ್ಪನ ಮುಂದೆ ನೆಲದ ಮೇಲಿಟ್ಟಳು. ನಾನೂ ಹಿಂದೆಯೇ ಹೋದೆ. ಡಬ್ಬಿಯ ಮೇಲಿದ್ದದ್ದು ನನ್ನ ಅಕ್ಷರ, ಅಪ್ಪನೇ ಕೈ ಹಿಡಿದು ತಿದ್ದಿಸಿದ ಅಕ್ಷರ.

ಅಪ್ಪ ಅದನ್ನು ಓದಿದರು. ರುದ್ರೇಶನನ್ನು ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ, ಸಾಕ್ಷಿಯ ಬಾಯಿಗೆ ಉತ್ತರ ಇಟ್ಟು ಕೇಳುವ ತಮ್ಮ ಕೋರ್ಟಿನ ದನಿಯಲ್ಲಿ ಕೇಳಿದರು.

"ನಿನಗೆ ಇದೇನೂ ಗೊತ್ತಿಲ್ಲ, ಅಲ್ಲವೇನಮ್ಮಾ?"

ರುದ್ರೇಶ ನನ್ನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ. ಸರಿ, ಕಾಫಿ ಬೇಡ, ಇಲ್ಲಿಂದಲೇ ಶುರು ಮಾಡು ಎನ್ನುವ ಹಾಗೆ ಹುಬ್ಬು ಕೊಂಚ ಮೇಲೇರಿತ್ತು.

"ಗೊತ್ತಿಲ್ಲ ಅಪ್ಪಾ," ಎಂದೆ.

ಹುಬ್ಬು ಇಳಿಯಿತು. "ನಾನೇ ಇಟ್ಟಿದ್ದು ಸಾರ್," ಎಂದ ಅವನು.

"ನನ್ನ ಅಡುಗೆಮನೆಗೆ ನುಗ್ಗಿ? ನಿಮ್ಮ ಜನಕ್ಕೆ ಎಷ್ಟು ಹೇಳಿದರೂ ಅಷ್ಟೆ. ಎತ್ತು ನಿನ್ನ ಸಾಮಾನು, ಹೊರಡು."

"ನೀರು ತುಂಬ್ಸಿ ಓಯ್ತೀನಿ ಸಾ. ಅರೆ ನೀರಲ್ಲಿ ಬಿಟ್ರೆ ಮೀನಿಗೆ ಕಷ್ಟ."

ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ ಬಂದು, ಪೈಪು ಹಿಡಿದು ತೊಟ್ಟಿಯ ಪಕ್ಕ ನಿಂತ. ಗೋಡೆ ಗಡಿಯಾರದಲ್ಲಿ ಹನ್ನೊಂದೂ ಹತ್ತು. ಅಪ್ಪ ಕುರ್ಚಿ ಬಿಟ್ಟು ಏಳಲಿಲ್ಲ. ಅಮ್ಮ ಬಾಗಿಲಿಗೆ ಒರಗಿದ್ದಳು. ಡಬ್ಬಿಯಿಂದ ನೀರು ಬಿಟ್ಟು ಪೇಪರು ನೆನೆಯುತ್ತಿತ್ತು. ರುದ್ರೇಶನ ಶರ್ಟಿನ ತೋಳು ಮೊಣಕೈವರೆಗೆ ಒದ್ದೆಯಾಗಿ ಮೈಗಂಟಿತ್ತು. ಅವನು ಎರಡು ಸಲ ತಲೆಯೆತ್ತಿ ನನ್ನನ್ನು ನೋಡಿದ. ಮೊದಲ ಸಲ ನಾನು ಮೀನನ್ನು ನೋಡಿದೆ. ಎರಡನೆಯ ಸಲ ಗಡಿಯಾರ ನೋಡಿದೆ.

"ಮೇಲಿನ ಟ್ಯಾಂಕಿಯಲ್ಲಿ ನೀರು ಕಮ್ಮಿಯಾಗಿರಬೇಕು, ಎಷ್ಟು ಸಣ್ಣಗೆ ಬರ್ತಿದೆ," ಎಂದಳು ಅಮ್ಮ.

ತೊಟ್ಟಿ ತುಂಬಿದಾಗ ಹನ್ನೊಂದೂ ಐವತ್ತು, ಪೂರಾ ನಲವತ್ತು ನಿಮಿಷ. ಅವನು ಮುಚ್ಚಳ ಹಾಕಿ, ನೆಲದ ಮೇಲೆ ಬಿದ್ದ ಹನಿಗಳನ್ನು ಒರೆಸಿ, ಡಬ್ಬಿ ಎತ್ತಿಕೊಂಡ.

"ಒಂದ್ ಮಾತು ಸಾ. ಆ ಕಾಳೂ ಮೀನ್ ಪುಡಿದೇಯ. ಲೇಬಲ್ ನಾನೇ ಕಿತ್ತಿದ್ದೆ. ನಿಮ್ ನಾರಾಯಣ ಒಂದಿನಾನೂ ಸಸ್ಯಾಹಾರಿ ಆಗಿರ್ಲಿಲ್ಲ. ಓಯ್ತೀನಿ."

ಅಮ್ಮ ಫ್ರಿಜ್ಜನ್ನು ಹಿತ್ತಲಿಗೆ ಎಳೆಸಿ ಮೂರು ಸಲ ತೊಳೆದಳು. ನಾನು ಫೋನ್ ಮಾಡುತ್ತಲೇ ಇದ್ದೆ, ಅವನು ಎತ್ತಲಿಲ್ಲ. ಅಪ್ಪ ಹಟಕ್ಕೆ ಬಿದ್ದು ನಾರಾಯಣನಿಗೆ ಬಾದಾಮಿ ಚೂರು ಹಾಕಿದರು. ಪೇಟೆಗೆ ಹೋಗಿ ಸೀಗಡಿ ತರಲು ನನಗೆ ಕಾಲಿರಲಿಲ್ಲವೇ? ಇತ್ತು. ತರಲಿಲ್ಲ. ಐದು ವಾರಕ್ಕೆ ಮೀನಿನ ಮುಳ್ಳು ಹೊರಗಿನಿಂದಲೇ ಎಣಿಸುವಂತಾಯಿತು. ಅಷ್ಟರಲ್ಲಿ ಅಪ್ಪ ಒಂದು ಕೇಸು ಸೋತು, ಬೇಸತ್ತು, ತೆಗೆದುಕೊಂಡು ಹೋಗಲು ಅಂಗಡಿಗೆ ಹೇಳಿಕಳಿಸಿದರು. ಯಾರೋ ಆಟೋದವರು ಬಂದು ಒಯ್ದರು. ಈಶಾನ್ಯ ಮೂಲೆಗೆ ಈಗ ಗಾಜಿನ ಬಟ್ಟಲಲ್ಲಿ ಹಿತ್ತಾಳೆಯ ಆಮೆ ಬಂದಿದೆ. ಅದಕ್ಕೆ ಊಟದ ತಕರಾರಿಲ್ಲ.

ಮತ್ತೆರಡು ತಿಂಗಳು ಕಳೆದ ಮೇಲೆ ಧೈರ್ಯ ಮಾಡಿ ಹಾಸನದ ಬಸ್ಸು ಹತ್ತಿದೆ.

ಅಂಗಡಿಯ ಹಿಂದಿನ ಸಾಲಿನಲ್ಲಿ ರುದ್ರೇಶ ಊಟಕ್ಕೆ ಕೂತಿದ್ದ. ಟಿಫಿನ್ ಡಬ್ಬಿಯಲ್ಲಿ ಮುದ್ದೆ, ಕೋಳಿ ಸಾರು. ನನ್ನನ್ನು ನೋಡಿ ಮುಚ್ಚಿಡಲಿಲ್ಲ. "ಕೂತ್ಕಳಿ ಮೇಡಂ," ಎಂದು ಎಡಗೈಯಿಂದ ಸ್ಟೂಲು ಸರಿಸಿದ. ಪಕ್ಕದ ದೊಡ್ಡ ತೊಟ್ಟಿಯಲ್ಲಿ ನಾರಾಯಣ ಮೈತುಂಬಿಕೊಂಡು, ನಿಧಾನವಾಗಿ, ಯಾರ ಮನೆಯ ಮಗನೂ ಅಲ್ಲದ ಹಾಗೆ ತಿರುಗುತ್ತಿದ್ದ.

"ನನಗೆ ಅವತ್ತು ಹೆದರಿಕೆ ಆಯಿತು ರುದ್ರೇಶ."

"ಗೊತ್ತು."

"ಇವತ್ತೇ ಹೋಗಿ ಅಪ್ಪನಿಗೆ ಎಲ್ಲ ಹೇಳ್ತೀನಿ. ಡಬ್ಬಿ ನನ್ನದು ಅಂತ ಹೇಳ್ತೀನಿ. ನಮ್ಮ ವಿಷಯಾನೂ ಹೇಳ್ತೀನಿ."

ಅವನು ಮುದ್ದೆಯ ತುತ್ತು ಮುರಿದು, ಸಾರಿಗೆ ಅದ್ದಿ ನುಂಗಿದ. ನೀರು ಕುಡಿದ. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು, ನಾನು ಅಳಬಹುದಿತ್ತು.

"ಗೊತ್ತಿಲ್ಲ ಅಂದ್ಯಲ್ಲ, ಅದ್ಕೆ ಬೇಜಾರಿಲ್ಲ ಗೌರಿ," ಎಂದ. "ಅಪ್ಪನ್ ಮುಂದೆ ಯಾರಾದ್ರೂ ಅಂತಾರೆ. ನನ್ ತಂಗಿ ಆಗಿದ್ರೂ ಅನ್ನೋಳು. ಒಂದ್ ಗಳಿಗೆ ಸುಧಾರಿಸ್ಕಂಡು ನಿಜ ಏಳ್ತಾಳೆ ಅಂತ..." ಡಬ್ಬಿಯ ಅಂಚಿಗೆ ಬೆರಳು ಒರೆಸಿದ. "ಟ್ಯಾಂಕಿ ತುಂಬ ನೀರಿತ್ತು ಕಣೇ ಅವತ್ತು. ನಲ್ಲಿ ಕಾಲ್ ಭಾಗಾನೂ ತಿರುಗಿಸಿರ್ಲಿಲ್ಲ ನಾನು. ನಿಂಗೆ ಟೈಮ್ ಸಿಗ್ಲಿ ಅಂತ."

ಮುಂದಿನ ಬಾಗಿಲಲ್ಲಿ ಯಾರೋ ಗಿರಾಕಿ, ವಾಸ್ತುವಿಗೆ ಯಾವ ಮೀನು ಒಳ್ಳೇದು ಎಂದು ಕೂಗಿದರು. ರುದ್ರೇಶ ಕೈ ತೊಳೆದು ಎದ್ದ. "ಬಂದೆ ಸಾ," ಎಂದ. ನನಗೆ ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ.

ಹಾಸನದಿಂದ ಹೊಳೆನರಸೀಪುರಕ್ಕೆ ಬಸ್ಸಿನಲ್ಲಿ ಹೆಚ್ಚುಕಡಿಮೆ ನಲವತ್ತು ನಿಮಿಷ. ಎಷ್ಟೋ ವರ್ಷದಿಂದ ಓಡಾಡಿದ ದಾರಿ, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಊರು ಬರುತ್ತಿತ್ತು. ಅವತ್ತು ಕಿಟಕಿ ಪಕ್ಕ ಕೂತು ವಾಚು ನೋಡಿಕೊಂಡೇ ಬಂದೆ. ಹತ್ತು ನಿಮಿಷ ಆಯಿತು. ಇಪ್ಪತ್ತಾಯಿತು. ಕಂಡಕ್ಟರು ಟಿಕೆಟ್ ಕೊಟ್ಟು ಹೋದ, ಎಷ್ಟೋ ಜನ ಹತ್ತಿದರು, ಎಷ್ಟೋ ಜನ ಇಳಿದರು, ಮುಂದಿನ ಸೀಟಿನ ಹೆಂಗಸು ಮಗುವಿಗೆ ಒಂದು ಇಡೀ ಕಥೆ ಹೇಳಿ ಮುಗಿಸಿದಳು. ಊರು ಇನ್ನೂ ಬಂದಿರಲಿಲ್ಲ.