ಒಂದು ಕಿವಿ ಸ್ವಲ್ಪ ಮೇಲೆ

ತೇಯೊ ತಲೆ ಬಾಚಿಕೊಂಡು ಬಂದಿದ್ದ. ಸೊರಾಳ ಎದೆ ಧಸಕ್ಕೆಂದದ್ದು ಅದಕ್ಕೇ.

ಬೂಸಾನಿನ ಆ ಬೀದಿಯಲ್ಲಿ ಅವನನ್ನು ಬಾಚಿದ ತಲೆಯಲ್ಲಿ ಯಾರೂ ಕಂಡವರಿಲ್ಲ. ಕೆಳಗಿನ ತಿರುವಿನ ನೆಲಮಾಳಿಗೆ ಕ್ಲಬ್ಬಿನಲ್ಲಿ, ಪಿಟೀಲನ್ನು ಗದ್ದಕ್ಕೊತ್ತಿ ಕಣ್ಣು ಮುಚ್ಚಿ ಅವನು ನುಡಿಸುವಾಗ ಕೂದಲು ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ಆ ಕೂದಲನ್ನೂ ಆ ಮುಚ್ಚಿದ ಕಣ್ಣನ್ನೂ ಸೊರಾ ಮೂರು ವರ್ಷದಿಂದ ಕ್ಯಾಮೆರಾದಲ್ಲಿ ಹಿಡಿಯುತ್ತ ಬಂದಿದ್ದಳು. ಇವತ್ತು ನೋಡಿದರೆ ನೀರು ಹಚ್ಚಿ, ಬೈತಲೆ ತೆಗೆದು, ಶಾಲೆಯ ಮೊದಲ ದಿನದ ಮಗುವಿನ ಹಾಗೆ ಅವಳ ಸ್ಟುಡಿಯೋ ಬಾಗಿಲಲ್ಲಿ ನಿಂತಿದ್ದಾನೆ.

“ಏನ್ ಸಮಾಚಾರ? ಯಾರ ಮದುವೆ?” ಅಂದಳು.

“ಮದುವೆ ಇಲ್ಲ ಓನರ್ ಅವ್ರೆ. ಒಂದು ಫೋಟೋ ಬೇಕಿತ್ತು. ಬಯೋಡೇಟಾಗೆ.”

“ಯಾರ ಬಯೋಡೇಟಾ?”

“ನಂದೇ. ಯಾಕೆ, ನಂಗೊಂದು ಬಯೋಡೇಟಾ ಇರ್ಬಾರ್ದಾ?”

ಅವನು ನಕ್ಕ. ಅವಳು ನಗಲಿಲ್ಲ. ಗೊಜೆ ದ್ವೀಪದಲ್ಲಿ ಹಡಗು ಕಟ್ಟುವ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ ಖಾಲಿ ಇದೆಯಂತೆ. ಅಪ್ಪ ಹೇಳಿ ಹೇಳಿ ಸೋತಿದ್ದಾರಂತೆ. “ಮೂವತ್ತು ಹತ್ರ ಬಂತು. ಎಷ್ಟು ದಿನ ಅಂತ ಮಿರಾಂಗ್ ಮನೆ ಫ್ರಿಜ್ ಖಾಲಿ ಮಾಡ್ಲಿ?” ಅಂದ. ಮಿರಾಂಗ್ ಅವರ ಬ್ಯಾಂಡಿನ ಡ್ರಮ್ಮರ್.

“ಬ್ಯಾಂಡು?”

“ಕೆಲಸ ಸಿಕ್ಕಿದ್ರೆ ತಾನೆ ಆ ಮಾತು. ಸಿಗಲ್ಲ ಬಿಡಿ.”

ಸೊರಾಳ ಅಂಗಡಿ ಅಂದರೆ ಏರುದಾರಿಯ ಪಕ್ಕದ ಒಂದೂವರೆ ಕೋಣೆ. ಹಗಲು ಪಾಸ್‌ಪೋರ್ಟ್‌ನವರು, ಕೆಲಸ ಹುಡುಕುವವರು, ಅಜ್ಜಿಗೆ ಒಂದು ಒಳ್ಳೆ ಫೋಟೋ ಇರಲಿ ಅನ್ನುವವರು. ಸಂಜೆಯಾದರೆ ಊರಿನ ಬ್ಯಾಂಡುಗಳು. ಪೋಸ್ಟರಿಗೆ, ಹಾಡಿನ ಕವರಿಗೆ ಎಲ್ಲರಿಗೂ ಅವಳೇ ಬೇಕು. ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು. ತೇಯೊ ಅವಳಿಗಿಂತ ಎರಡು ವರ್ಷ ಚಿಕ್ಕವನಾದರೂ ಮೊದಲ ದಿನದಿಂದ ಓನರ್ ಅವ್ರೆ ಎಂದೇ ಕರೆದಿದ್ದ. ಯಾಕೆಂದು ಅವಳು ಕೇಳಿರಲಿಲ್ಲ. ಅಕ್ಕ ಅಂದುಬಿಟ್ಟಾನು ಎಂಬ ಹೆದರಿಕೆ ಅವಳಿಗಿತ್ತು.

ಫೋಟೋ ತೆಗೆಯುವುದು ಎಷ್ಟು ಹೊತ್ತಿನ ಕೆಲಸ. ಆಮೇಲಿನದ್ದೇ ನಿಜವಾದ ಕೆಲಸ. ಗಿರಾಕಿ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂರಬೇಕು. ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದಾಗಿ ಬಂದ ತನ್ನ ಮುಖ ನೋಡಿ ಗದ್ದ ಸ್ವಲ್ಪ ಸಣ್ಣ ಮಾಡಿ, ಕಣ್ಣ ಕೆಳಗಿನ ಕಪ್ಪು ತೆಗೆಯಿರಿ ಎನ್ನಬೇಕು, ಅವಳು ಪೆನ್ನಿನಿಂದ ತಿದ್ದಬೇಕು. ಟೀ ಶರ್ಟಿನಲ್ಲಿ ಬಂದವನಿಗೆ ಕಂಪ್ಯೂಟರಿನಲ್ಲಿರುವ ಕೋಟು, ಟೈ ತೊಡಿಸಿ ಕಳಿಸುವುದು ಅಲ್ಲಿನ ಎಲ್ಲ ಸ್ಟುಡಿಯೋಗಳಲ್ಲೂ ಇದ್ದದ್ದೇ. ಸೊರಾ ದಿನಕ್ಕೆ ಹತ್ತು ಮಂದಿಗೆ ಕೋಟು ತೊಡಿಸುತ್ತಿದ್ದಳು, ಒಬ್ಬರ ಮುಖವೂ ಅವಳಿಗೆ ನೆನಪಿರುತ್ತಿರಲಿಲ್ಲ.

ತೇಯೊ ಕುರ್ಚಿ ಎಳೆದುಕೊಂಡು ಕೂತ. ಅವನ ಮೊಣಕೈ ಅವಳ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು. ಅವಳು ಪರದೆಯ ಮೇಲಿನ ತೇಯೊನನ್ನು ಎಷ್ಟು ಬೇಕಾದರೂ ನೋಡಬಹುದಿತ್ತು, ಪಕ್ಕದಲ್ಲಿದ್ದವನ ಕಡೆ ಮಾತ್ರ ತಿರುಗುವ ಹಾಗಿರಲಿಲ್ಲ.

“ಹತ್ತು ವರ್ಷ ಒಂದೇ ಕುರ್ಚೀಲಿ ಕೂತಿರ್ತಾನೆ ಅನ್ನೋ ಹಾಗೆ ಕಾಣ್ಬೇಕು,” ಅಂದ.

“ಅದಕ್ಕೆ ಗದ್ದ ತಿದ್ದಿದ್ರೆ ಸಾಲಲ್ಲ.”

“ನೀವು ಒಂದು ಕಡೆ ಎರಡು ನಿಮಿಷ ಕೂತಿದ್ದು ನಾನು ಇವತ್ತೇ ನೋಡಿದ್ದು. ಕ್ಲಬ್ಬಲ್ಲಿ ಓಡಾಡ್ತಾನೇ ಇರ್ತೀರಿ.”

“ನೀವು ಕಣ್ಣು ಮುಚ್ಚಿರ್ತೀರಲ್ಲ, ನಿಮಗೆ ಹೇಗೆ ಗೊತ್ತು?”

“ಯಾವಾಗ್ಲೂ ಮುಚ್ಚಿರಲ್ಲ,” ಅಂದ ತೇಯೊ.

ಅವಳ ಪೆನ್ನು ನಿಂತಿತು. ಓರೆಗಣ್ಣಿನಲ್ಲಿ ನೋಡಿದರೆ ಅವನೂ ಪರದೆಯನ್ನೇ ನೋಡುತ್ತಿದ್ದ, ಆದರೆ ಕಿವಿಯ ತುದಿ ಕೆಂಪಾಗಿತ್ತು. ಪರದೆಯ ಮೇಲಿನ ಕಿವಿ ಬಿಳಿಯಾಗಿಯೇ ಇತ್ತು.

“ಇದನ್ನೂ ಅಳಿಸ್ಬಿಡಿ,” ಅಂತ ಅವನು ಬೆರಳು ತೋರಿಸಿದ. ಎಡ ದವಡೆಯ ಕೆಳಗೆ ಪಿಟೀಲು ಒತ್ತಿ ಒತ್ತಿ ಉಳಿದ ಕಂದು ಕಲೆ. “ಇಂಟರ್‌ವ್ಯೂನಲ್ಲಿ ಏನಿದು ಅಂತಾರೆ. ಕಥೆ ಹೇಳ್ತಾ ಕೂರ್ಬೇಕಾಗುತ್ತೆ.”

ಸೊರಾ ಅಳಿಸಿದಳು. ಅಳಿಸುವುದು ಅವಳ ಕಸುಬು. ಕಲೆ ಹೋದ ಮೇಲೆ ಕೋಟು ತೊಡಿಸಿದಳು, ನೀಲಿ ಟೈ ಕಟ್ಟಿದಳು. ಪರದೆಯ ಮೇಲೆ ಯಾವನೋ ಒಬ್ಬ ಮರ್ಯಾದಸ್ಥ ಕೂತಿದ್ದ. ಅವಳಿಗೆ ಅಳು ಬರುವ ಹಾಗಾಯಿತು.

ತೇಯೊ ನೀರು ಕುಡಿಯಲು ಎದ್ದಾಗ, ಫೋಟೋ ಕಳಿಸುವ ಮುಂಚೆ, ಅವಳು ಎಡಗಿವಿಯನ್ನು ಪೆನ್ನಿನಿಂದ ಹಿಡಿದು ಚೂರು ಮೇಲೆತ್ತಿದಳು. ಯಾಕೆ ಹಾಗೆ ಮಾಡಿದೆನೆಂದು ಅವಳಿಗೇ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಅನ್ನುವುದೂ ಸುಳ್ಳು. ಗಿರಾಕಿಗೆ ಕಿವಿ ಸರಿ ಕಾಣದಿದ್ದರೆ ಅವನು ಮತ್ತೆ ಬರಬೇಕಾಗುತ್ತದೆ.

ಮರುದಿನವೇ ಅವನು ಬಂದ. ಕಡ್ಡಿಗೆ ಪೋಣಿಸಿದ ಬಿಸಿ ಮೀನಿನ ವಡೆ, ಎರಡು ಕಾಗದದ ಲೋಟದಲ್ಲಿ ಅದರ ಸಾರು ಹಿಡಿದುಕೊಂಡು ಬಂದ.

“ಓನರ್ ಅವ್ರೆ, ಒಂದು ಕಿವಿ ಸ್ವಲ್ಪ ಮೇಲಿದೆಯಾ ಅಂತ.”

“ಹೌದಾ? ನೋಡೋಣ ಬನ್ನಿ,” ಅಂದಳು ಏನೂ ಅರಿಯದವಳ ಹಾಗೆ.

ಕಿವಿ ಇಳಿಸಿದಳು. ಇಳಿಸುತ್ತ ಹುಬ್ಬನ್ನು ಒಂದು ಕೂದಲಿನಷ್ಟು ಜಾರಿಸಿದಳು. ಅವನು ಮತ್ತೆ ಬಂದ, ಒಳಗೆ ಕಂದು ಸಕ್ಕರೆ, ಬೀಜ ತುಂಬಿದ ಬಿಸಿ ರೊಟ್ಟಿ ಹೊತ್ತೊಕ್ ತಂದ. ಸಕ್ಕರೆ ಪಾಕ ಅವನ ಗದ್ದದ ಮೇಲೆ ಹರಿದಾಗ ಅವಳು ಕರವಸ್ತ್ರ ಕೊಟ್ಟಳು, ಕೈಗೆ ಕೊಟ್ಟಳೇ ಹೊರತು ಒರೆಸಲಿಲ್ಲ. ಅವನು ಹೋದ ಮೇಲೆ, ತಾನೇ ಒರೆಸಬಹುದಿತ್ತಲ್ಲ ಎಂದು ಅಂಗಡಿಯ ಒಂದೂವರೆ ಕೋಣೆಯಲ್ಲಿ ಶತಪಥ ತಿರುಗಿದಳು. ಹುಬ್ಬು ಸರಿಯಾದ ದಿನ ಹೆಗಲು ವಾಲಿತು. ಹೆಗಲು ಸರಿಯಾದ ದಿನ ಟೈ ಕೊಂಕಿತು. ಮದುಮಗಳ ಫೋಟೋವನ್ನೂ ಅವಳು ಇಷ್ಟು ಸಲ ತಿದ್ದಿರಲಿಲ್ಲ.

ಅರ್ಜಿಗೆ ಕೊನೆಯ ದಿನ ಯಾವುದೆಂದು ಅವಳು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತಿತ್ತು. ಒಳಗೊಳಗೆ ಅವಳದ್ದು ಕಳ್ಳ ಲೆಕ್ಕ, ಫೋಟೋ ಮುಗಿಯುವತನಕ ಅರ್ಜಿ ಹೋಗುವುದಿಲ್ಲ, ಅರ್ಜಿ ಹೋಗುವತನಕ ತೇಯೊ ಎಲ್ಲಿಗೂ ಹೋಗುವುದಿಲ್ಲ. ಗೊಜೆಯೇನು ದೂರದ ಊರಲ್ಲ. ಆದರೆ ಈ ಬೀದಿಯಿಂದ ಕೆಲಸಕ್ಕೆಂದು ಹೊರಟ ಹಾಡುಗಾರರನ್ನು ಅವಳು ಕಂಡಿದ್ದಳು. ಮೊದಮೊದಲು ವಾರಕ್ಕೊಮ್ಮೆ ಬರುತ್ತಾರೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೆ. ಕೊನೆಗೆ ಮದುವೆಯ ಕರೆಯೋಲೆ ಬರುತ್ತದೆ.

ಒಂದು ಭಾನುವಾರ ಮಧ್ಯಾಹ್ನ ಮಿರಾಂಗ್ ಪೋಸ್ಟರ್ ತೆಗೆದುಕೊಳ್ಳಲು ಬಂದಳು. ಬಾಯಿತುಂಬ ಮಾತಿನ ಹುಡುಗಿ.

“ಅಕ್ಕ, ಇವತ್ತಿನ ಶೋಗೆ ಬೇಗ ಬಾ. ತೇಯೊದು ಕೊನೇ ಶೋ ಅಲ್ವಾ, ಚೆನ್ನಾಗಿ ತೆಗಿ.”

“ಕೊನೇದಾ?”

“ನಾಳೆ ಗೊಜೆಗೆ ಹೋಗ್ತಾನಲ್ಲ. ಹೋದ ವಾರನೇ ಕೆಲಸ ಸಿಕ್ತು.” ಸೊರಾಳ ಮುಖ ನೋಡಿ ಮಿರಾಂಗಳ ಮಾತು ನಿಧಾನವಾಯಿತು. “ನಿಂಗೆ ಹೇಳಿಲ್ವಾ? ಆ ಅರ್ಜಿ ಅವನು ಮೊದಲ್ನೇ ದಿನಾನೇ ಹಾಕಿದ್ದ. ನೀನು ಫೋಟೋ ಕಳ್ಸಿದ ಸಂಜೆ.”

“ಮೊನ್ನೆ ಬಂದು ಟೈ ಸರಿಯಿಲ್ಲ ಅಂದ.”

ಮಿರಾಂಗ್ ಪೋಸ್ಟರಿನ ಸುರುಳಿಯನ್ನು ಎದೆಗವಚಿಕೊಂಡಳು. ಆಮೇಲೆ ಬಿದ್ದು ಬಿದ್ದು ನಕ್ಕಳು. “ನಾವೆಲ್ಲ ಅಕ್ಕ ಅಂತೀವಿ, ಇವನೊಬ್ಬ ಮಾತ್ರ ಒಂದಿನಾನೂ ಅನ್ಲಿಲ್ಲ. ಅವತ್ತೇ ಅಂದ್ಕೊಂಡೆ ನಾನು.”

ಸೊರಾಳಿಗೆ ನಗು ಬರಲಿಲ್ಲ. ಕಿಡಿಕಿಡಿಯಾದಳು. ಪಕ್ಕದಲ್ಲಿ ಕೂತು ಸಾರು ಹೀರುತ್ತ, ಹುಬ್ಬು, ಹೆಗಲು ಎನ್ನುತ್ತ, ಇಷ್ಟು ದೊಡ್ಡ ವಿಷಯ ಮುಚ್ಚಿಟ್ಟನಲ್ಲ. ನಾಳೆ ಹೋಗುವವನು. ಕ್ಯಾಮೆರಾ ಹೆಗಲಿಗೇರಿಸಿ ಬಾಗಿಲು ಹಾಕಿ ಹೊರಟಳು. ಅರ್ಧ ದಾರಿಯಲ್ಲಿ ಲೆನ್ಸ್ ಮರೆತದ್ದು ನೆನಪಾಗಿ ವಾಪಸ್ ಬಂದಳು. ಮತ್ತೆ ಹೊರಟಳು. ಹೋಗಬೇಡ ಅನ್ನಬೇಕು, ಅಷ್ಟೇ. ಆ ಮಾತನ್ನು ಬಾಯಲ್ಲಿ ತಿರುಗಿಸುತ್ತ ನೆಲಮಾಳಿಗೆಯ ಮೆಟ್ಟಿಲಿಳಿದಳು.

ಕ್ಲಬ್ಬಿನಲ್ಲಿ ಶೋಗೆ ಮುಂಚಿನ ತಯಾರಿ ನಡೆಯುತ್ತಿತ್ತು. ತೇಯೊ ವೇದಿಕೆಯ ಅಂಚಿನಲ್ಲಿ ಕೂತು ಪಿಟೀಲಿನ ತಂತಿ ಬಿಗಿಯುತ್ತಿದ್ದ. ಕೂದಲು ಮತ್ತೆ ಮೊದಲಿನ ಹಾಗೇ ಕೆದರಿತ್ತು.

“ಕೆಲಸ ಸಿಕ್ತಂತೆ,” ಅಂದಳು.

ಅವನು ತಲೆ ಎತ್ತಿದ. ಅವಳ ಹಿಂದೆ ಮೆಟ್ಟಿಲಲ್ಲಿ ನಿಂತ ಮಿರಾಂಗಳನ್ನು ನೋಡಿದ. “ಹೂಂ,” ಅಂದ.

“ಮತ್ತೆ ಮೊನ್ನೆ ತಿದ್ದಿಸಿದ್ರಲ್ಲ ಟೈ, ಅದು ಯಾರಿಗೆ?”

ಮಿರಾಂಗ್ ಡ್ರಮ್ಮಿನ ಹಿಂದೆ ಹೋಗಿ, ಆಗಲೇ ಸುತ್ತಿಟ್ಟಿದ್ದ ವೈರನ್ನು ಬಿಚ್ಚಿ ಮತ್ತೆ ಸುತ್ತತೊಡಗಿದಳು.

“ಟೈ ನಿಜವಾಗ್ಲೂ ಸೊಟ್ಟ ಇತ್ತು,” ಅಂದ ತೇಯೊ. “ನೀವೇ ಸೊಟ್ಟ ಮಾಡಿದ್ರಿ.”

“ಗೊತ್ತಿತ್ತಾ?”

“ನನ್ನ ಮುಖ ಅಲ್ವಾ? ಹುಟ್ಟಿದಾಗಿಂದ ಕನ್ನಡೀಲಿ ನೋಡ್ತಿದೀನಿ. ಕಿವಿ ಯಾವತ್ತೂ ಸಮನಾಗೇ ಇತ್ತು. ನಿಮ್ಮ ಅಂಗಡಿಗೆ ಬಂದ್ಮೇಲೆ ಎದ್ದು ಕೂತಿದ್ದು. ಆ ಕಿವೀಲೇ ಕೆಲಸಾನೂ ಸಿಕ್ತು.”

“ಮತ್ತೆ ಯಾಕೆ ಸುಮ್ನಿದ್ರಿ?”

“ಸರಿ ಮಾಡಿ ಕೊಟ್ಬಿಟ್ರೆ ಇನ್ಯಾವ ನೆಪ ಹೇಳಿ ಬರ್ಲಿ?”

ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎರಡು ಹೆಜ್ಜೆ ಆ ಕಡೆ ಹೋದಳು, ವಾಪಸ್ ಬಂದಳು. “ಹೇಳ್ಬಹುದಿತ್ತು.”

“ಏನಂತ? ನೋಡಿ, ನಾನು ಊರು ಬಿಡ್ತಿದೀನಿ, ಅಂದ ಹಾಗೆ ನೀವಂದ್ರೆ ನಂಗೆ ಪ್ರಾಣ, ಅಂತಾನಾ? ಹೊರಟವನು ಹಾಗೆಲ್ಲ ಹೇಳಿದ್ರೆ ಸರಿಯಾ? ಹೇಳದೆ ಹೋಗೋದೇ ವಾಸಿ ಅಂತ ದಿನಾ ಅಂದ್ಕೊಂಡೇ ಬರ್ತಿದ್ದೆ. ಬಂದು ಕುರ್ಚೀಲಿ ಕೂತ್ರೆ ಆ ಮಾತೂ ಮರ್ತು ಹೋಗ್ತಿತ್ತು.”

“ಈಗ ಹೇಳಾಯ್ತಲ್ಲ.”

ತೇಯೊ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟ. ಏನು ಹೇಳಿಬಿಟ್ಟೆನೆಂದು ಅವನಿಗೆ ಆಗ ಹೊಳೆಯಿತು. ಅವಳ ಕಣ್ಣು ಅವನ ಕಣ್ಣಿಗೆ ನೆಟ್ಟಿತ್ತು. ಮಧ್ಯೆ ಕ್ಯಾಮೆರಾ ಇರಲಿಲ್ಲ, ಪರದೆ ಇರಲಿಲ್ಲ. ಅವನು ಕಣ್ಣು ಮುಚ್ಚಲೂ ಇಲ್ಲ.

“ನಂಗೂ ಅಷ್ಟೇ,” ಅಂದಳು ಸೊರಾ. ದನಿ ಸಣ್ಣಗಾಗಿತ್ತು. “ಮೂರು ವರ್ಷದಿಂದ. ಹೋಗ್ಬೇಡಿ ಅನ್ನೋಣ ಅಂತ ಬಂದೆ. ಇಲ್ಲಿ ನಿಮ್ಮ ಮುಖ ನೋಡಿದ್ಮೇಲೆ ಹಾಗನ್ಬಾರ್ದು ಅನ್ನಿಸ್ತು. ನಾಳೆಯಿಂದ ನಿಮ್ಮ ಹೊಟ್ಟೆ ತುಂಬುತ್ತೆ, ನಿಮ್ಮಪ್ಪಂಗೆ ನಿದ್ದೆ ಬರುತ್ತೆ. ಅದನ್ನ ಕಿತ್ಕೊಂಡು ನಾನೇನ್ ಮಾಡ್ಲಿ?”

“ಇಷ್ಟೆಲ್ಲ ಹೇಳಿದ್ಮೇಲೆ ನಾನು ನಾಳೆ ಹೇಗೆ ಹೋಗ್ಲಿ?”

“ಬಸ್ಸಲ್ಲಿ.”

ಡ್ರಮ್ಮಿನ ಹಿಂದೆ ಮಿರಾಂಗ್ ಕಿಸಕ್ಕೆಂದಳು. ಸೊರಾಳ ಮುಖ ಕೆಂಪೇರಿತು, ಆದರೂ ಮಾತು ಬಿಡಲಿಲ್ಲ. “ಶುಕ್ರವಾರ ಅದೇ ಬಸ್ಸಲ್ಲಿ ವಾಪಸ್ ಬಾ,” ಅಂದಳು. ಅವನಿಗೆ ಬಾ ಅಂದದ್ದು ಅದೇ ಮೊದಲು.

ಅವತ್ತಿನ ಶೋನಲ್ಲಿ ಅವಳು ತೆಗೆದ ಫೋಟೋಗಳಲ್ಲಿ ಅರ್ಧಕ್ಕರ್ಧ ಅಲುಗಾಡಿ ಹೋಗಿದ್ದವು. ತೇಯೊ ಕಣ್ಣು ತೆರೆದೇ ನುಡಿಸಿದ, ಎರಡು ಕಡೆ ತಪ್ಪಿದ. ಮಿರಾಂಗ್ ಕೋಲೆತ್ತಿ ತೋರಿಸಿ ಹೆದರಿಸಿದಳು.

ಸೋಮವಾರ ಅವನು ಹೋದ. ಪಿಟೀಲನ್ನೂ ಒಯ್ದ. ಅದನ್ನು ಒಯ್ದದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಸೊರಾ ಆ ವಾರವೆಲ್ಲ ಯೋಚಿಸಿದಳು. ಅವನ ಮೆಸೇಜುಗಳು ಬರುತ್ತಿದ್ದವು, ಕ್ಯಾಂಟೀನಿನ ಸಾರಿಗೆ ಉಪ್ಪಿಲ್ಲ, ಪಕ್ಕದ ಸೀಟಿನವನು ಬಾಯಿ ತೆರೆಯುವುದಿಲ್ಲ. ಗುರುವಾರ ಮೆಸೇಜು ಬರಲಿಲ್ಲ. ಆ ದಿನ ಅವಳು ಒಬ್ಬ ಮುದುಕರಿಗೆ ಹೆಂಗಸಿನ ಕೋಟು ತೊಡಿಸಿ, ಅವರೇ ನಕ್ಕು ತೋರಿಸಿಕೊಟ್ಟ ಮೇಲೆ ಬದಲಾಯಿಸಿದಳು.

ಶುಕ್ರವಾರ ಬಿಸಿಲಿರುವಾಗಲೇ ಅಂಗಡಿಗೆ ಬೀಗ ಹಾಕಿ, ಮೆಟ್ರೋ ಹಿಡಿದು ಸಾಸಂಗ್ ಬಸ್ ನಿಲ್ದಾಣಕ್ಕೆ ಹೋದಳು. ಗೊಜೆಯಿಂದ ಒಂದು ಬಸ್ಸು ಬಂತು. ಎಲ್ಲರೂ ಇಳಿದರು, ತೇಯೊ ಇಳಿಯಲಿಲ್ಲ. ಇನ್ನೊಂದು ಬಂತು. ಅದರಲ್ಲೂ ಇರಲಿಲ್ಲ. ಡ್ರೈವರು ಬಾಗಿಲು ಹಾಕಿಕೊಂಡ. ಮೊದಲ ವಾರವೇ ಬರದಿದ್ದರೆ ಇನ್ನು ಹಬ್ಬದ ಮಾತೆಲ್ಲಿ.

ಫೋನು ಹೊಡೆದುಕೊಂಡಿತು.

“ಎಲ್ಲಿದೀರಾ?” ಅಂದ ತೇಯೊ.

“ಬಸ್ ನಿಲ್ದಾಣದಲ್ಲಿ. ನೀನು?”

“ನಿಮ್ಮ ಅಂಗಡಿ ಮುಂದೆ. ಬೀಗ ಹಾಕಿದೆ. ಟ್ರೈನಿಂಗ್ ಬೇಗ ಮುಗೀತು, ಕೂರೋಕಾಗ್ಲಿಲ್ಲ, ಮುಂಚಿನ ಬಸ್ಸಿಗೇ ಬಂದ್ಬಿಟ್ಟೆ. ಅಲ್ಲೇ ಇರಿ, ಬರ್ತೀನಿ.”

“ಬೇಡ. ಅಲ್ಲಾಡ್ಬೇಡ. ನೀನು ಬಂದಾಯ್ತು, ಇನ್ನು ಬರ್ಬೇಕಾಗಿರೋದು ನಾನು.”

ಮೆಟ್ರೋದಲ್ಲಿ ಸೀಟು ಖಾಲಿ ಇದ್ದರೂ ಅವಳು ಬಾಗಿಲ ಬಳಿಯೇ ನಿಂತಿದ್ದಳು. ಏರುದಾರಿಯನ್ನು ಓಡಿ ಹತ್ತಿದಳು. ತೇಯೊ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ, ಆಫೀಸಿನ ಅಂಗಿಯ ತೋಳು ಮಡಚಿದ್ದ. ದವಡೆಯ ಕೆಳಗೆ ಕಲೆ ಕೆಂಪಗಿತ್ತು, ವಾರವಿಡೀ ಎಲ್ಲೋ ನುಡಿಸಿದ್ದಾನೆ. ಅವಳನ್ನು ಕಂಡು ಎದ್ದು ನಿಲ್ಲಲು ಹೋದ, ಆಮೇಲೆ ಅಲ್ಲಾಡಬೇಡ ಅಂದದ್ದು ನೆನಪಾಯಿತೋ ಏನೋ, ಕೂತಲ್ಲೇ ಪಿಟೀಲಿನ ಪೆಟ್ಟಿಗೆಯನ್ನು ಆಚೆ ಸರಿಸಿ ಜಾಗ ಮಾಡಿದ.

ಅವಳು ಕೂತಳು. ಇಬ್ಬರ ಮೊಣಕೈ ತಾಗಿತು, ಯಾರೂ ಎಳೆದುಕೊಳ್ಳಲಿಲ್ಲ.

“ನಿನ್ನೆ ಮೆಸೇಜ್ ಮಾಡ್ಲಿಲ್ಲ,” ಅಂದಳು.

“ಬರೆದು ಬರೆದು ಅಳಿಸ್ದೆ. ಎದುರಿಗೇ ಹೇಳೋಣ ಅಂತ. ಮುಂದಿನ ಶುಕ್ರವಾರನೂ ಬರ್ತೀನಿ ಸೊರಾ. ಅದರ ಮುಂದಿನದೂ.”

“ನಾನು ಕೇಳ್ಲಿಲ್ಲ.”

“ಕೇಳದಿದ್ರೂ ಹೇಳ್ತೀನಿ. ಹೇಳದೇ ಇದ್ದಿದ್ದು ಸಾಕಾಯ್ತು.”

ಕೆಳಗಿನ ತಿರುವಿನಿಂದ ಯಾರೋ ಡ್ರಮ್ ಬಾರಿಸಿ ನೋಡುತ್ತಿದ್ದರು. ಅಂಗಡಿಯ ಬೀಗದಕೈ ಸೊರಾಳ ಕೈಯಲ್ಲೇ ಇತ್ತು. ಎದ್ದು ಬಾಗಿಲು ತೆಗೆಯಬೇಕೆಂದು ಅವಳಿಗೆ ಅನ್ನಿಸಲಿಲ್ಲ.