ಕಾಣೆಯಾದ ನೀಲಿ ಶಾಲು

ಶಾಲು ಇರಲಿಲ್ಲ.

ಸೋರ್ಖಾ ಅಡುಗೆಮನೆಯ ಕುರ್ಚಿಯ ಬೆನ್ನನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು. ಮಲಗುವ ಕೋಣೆಗೆ ಹೋಗಿ ಹಾಸಿಗೆ ಕೊಡವಿದಳು, ಪೆಟ್ಟಿಗೆ ಬುಡಮೇಲು ಮಾಡಿದಳು. ನೀಲಿ ಉಣ್ಣೆಯ ಶಾಲು. ಅಕ್ಟೋಬರಿನಲ್ಲಿ ತೀರಿಕೊಂಡ ಅಮ್ಮ ಕೊನೆಯ ದಿನದವರೆಗೂ ಹೊದ್ದಿದ್ದದ್ದು. ಅಮ್ಮನದೆಂದು ಉಳಿದದ್ದು ಅದೊಂದೇ. ಮಧ್ಯಾಹ್ನಕ್ಕೆ ಡಬ್ಲಿನ್‌ಗೆ ಹೊರಡಬೇಕಿತ್ತು.

ರಾಸ್‌ಕಾಮನ್ ಕಡೆಯ ಆ ಹೊಲದ ಮನೆಯಲ್ಲಿ ಅತಿಥಿಗಳೆಂದರೆ ಅವಳು, ಗಂಡ ಫರ್ಗಲ್, ಎಂಟು ವರ್ಷದ ಮಗಳು ಡೋರಿನ್. ಮನೆಯವರೆಂದರೆ ಒಡತಿ ಅಟ್ರಾಕ್ಟಾ ಮತ್ತು ಅವಳ ಅಣ್ಣ ಮಲಾಕಿ. ಇಷ್ಟೇ ಜನ.

"ಇಪ್ಪತ್ತು ವರ್ಷದಿಂದ ಅತಿಥಿಗಳನ್ನ ಇಟ್ಕೊಂಡಿದ್ದೀನಿ. ಒಂದು ಚಮಚ ಕಳೆದಿಲ್ಲ," ಎಂದಳು ಅಟ್ರಾಕ್ಟಾ. ಅವಳ ಮುಖ ಬಾಡಿತ್ತು.

"ನಿಮ್ಮಣ್ಣ ಎಲ್ಲಿ?" ಸೋರ್ಖಾ ಕೇಳಿಬಿಟ್ಟಳು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಕೊಟ್ಟಿಗೇಲಿ. ಹಸು ಕರು ಹಾಕೋಕೆ ಕಷ್ಟಪಡ್ತಿದೆ. ಅದಿರ್ಲಿ, ಶಾಲು ಕೊನೇದಾಗಿ ಯಾವಾಗ ನೋಡಿದ್ರಿ?"

"ನಿನ್ನೆ ಸಂಜೆ, ಸ್ನಾನಕ್ಕೆ ಹೋದಾಗ. ಈ ಕುರ್ಚಿ ಮೇಲಿತ್ತು."

"ಆಗ ಇಲ್ಲಿ ಯಾರಿದ್ರು?"

"ಅಪ್ಪ!" ಡೋರಿನ್ ಕೂಗಿದಳು. "ಸೂಪ್ ಕುಡೀತಿದ್ದ."

"ಸೂಪ್ ಕುಡಿಯೋದೂ ಅಪರಾಧಾನಾ ಮಗಳೇ?" ಫರ್ಗಲ್ ನಕ್ಕ. ನಗು ಸರಿಯಾಗಿ ಮೂಡಲಿಲ್ಲ.

ಅಟ್ರಾಕ್ಟಾ ಅವನ ಬೂಟುಗಳನ್ನು ನೋಡಿದಳು. ಹಸಿ ಕೆಸರು.

"ಫರ್ಗಲ್ ಅವರೇ, ನಾವೆಲ್ಲ ಮನೆ ಒಳಗೆ ಹುಡುಕ್ತಿದ್ವಿ. ನೀವೊಬ್ರೇ ಎರಡು ಸಲ ಬೇಲಿ ಹತ್ರ ಹೋಗಿ ಬಂದ್ರಿ — ಯಾಕೆ?"

ಫರ್ಗಲ್ ಒಂದು ಬೂಟನ್ನು ಇನ್ನೊಂದರ ಹಿಂದೆ ಸರಿಸಿದ.

"ಶಾಲಿನ ಮೇಲೆ ಸೂಪ್ ಚೆಲ್ಲಿಬಿಟ್ಟೆ. ತೊಳೆದು ಬೇಲಿ ಮೇಲೆ ಒಣಗಹಾಕ್ದೆ. ಬೆಳಿಗ್ಗೆ ನೋಡಿದ್ರೆ ಇಲ್ಲ. ಹೇಳೋಕೆ ಬಾಯಿ ಬರ್ಲಿಲ್ಲ ಸೋರ್ಖಾ."

"ಈ ಚಳೀಲಿ ಬೇಲಿ ಮೇಲೆ ಉಣ್ಣೆ ಒಣಗುತ್ತಾ? ಎಂಥಾ ಬುದ್ಧಿವಂತ ನೀನು!"

"ಗಾಳಿಗೆ ಹಾರಿರಬೇಕು—"

"ಹಾರಿಲ್ಲ," ಎಂದಳು ಅಟ್ರಾಕ್ಟಾ. ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದವಳ ಮುಖ ಬಿಳಿಚಿತು. "ಇವತ್ತು ಸಂತ ಬ್ರಿಜಿಡಳ ದಿನ. ಹಿಂದಿನ ಸಂಜೆ ನಮ್ಮಮ್ಮ ಬೇಲಿ ಮೇಲೊಂದು ಬಟ್ಟೆ ಹಾಕ್ತಿದ್ಲು. ಸಂತಳು ಹಾದು ಹೋಗ್ತಾ ಮುಟ್ಟಿ ಹರಸ್ತಾಳೆ, ಆಮೇಲೆ ಆ ಬಟ್ಟೆ ಜನಕ್ಕೂ ದನಕ್ಕೂ ಮದ್ದು ಅಂತ. ಅಮ್ಮ ಹೋದ ಮೇಲೆ ಇದೇ ಮೊದಲ ವರ್ಷ. ನಾನು ಹಾಕ್ಲಿಲ್ಲ. ಆದ್ರೆ ಮಲಾಕಿಗೆ ಬೇಲಿ ಮೇಲೆ ಬಟ್ಟೆ ಕಂಡಿದೆ."

"ಕಂಡ್ರೆ ಏನು ಮಾಡ್ತಾರೆ?"

"ಕತ್ತರಿಸಿ, ಮನೆಯವರಿಗೆಲ್ಲ ಒಂದೊಂದು ತುಂಡು—"

ಸೋರ್ಖಾ ಆಗಲೇ ಓಡುತ್ತಿದ್ದಳು.

ಕೊಟ್ಟಿಗೆಯಲ್ಲಿ ಶಾಲು ಹಸುವಿನ ಬೆನ್ನ ಮೇಲಿತ್ತು. ಇಡಿಯಾಗಿತ್ತು. ಕರುವಿನ ಮುಂಗಾಲುಗಳು ಹೊರಬಂದಿದ್ದವು; ಮಲಾಕಿ ಅವನ್ನು ಹಿಡಿದು ನಿಂತಿದ್ದ.

"ಅಟ್ರಾಕ್ಟಾ, ನೀನು ನೂರು ವರ್ಷ ಬಾಳು," ಎಂದ, ತಿರುಗದೆ. "ಅಮ್ಮ ಇಲ್ಲ, ಈ ಸಲ ಬಟ್ಟೆ ಯಾರು ಹಾಕ್ತಾರೆ ಅಂದ್ಕೊಂಡಿದ್ದೆ. ನೀನು ಮರೀಲಿಲ್ಲ. ಇದನ್ನ ಹೊದಿಸಿದ ಮೇಲೇ ಹಸು ಎದ್ದು ನಿಂತಿದ್ದು."

ಹಿಂದೆಯೇ ಬಂದಿದ್ದ ಅಟ್ರಾಕ್ಟಾ ಬಾಯಿ ತೆರೆದಳು. ಸೋರ್ಖಾ ಅವಳ ತೋಳು ಅದುಮಿದಳು — ಈಗ ಬೇಡ.

ಮಲಾಕಿ ಮತ್ತೊಮ್ಮೆ ಎಳೆದ. ಕರು ಹುಲ್ಲಿನ ಮೇಲೆ ಜಾರಿಬಿದ್ದು ಸೀನಿತು.

ಆಮೇಲೆ ವಿಷಯ ತಿಳಿದಾಗ ಮಲಾಕಿ ಟೋಪಿ ತೆಗೆದ. "ಅಯ್ಯೋ ತಾಯಿ, ನಾನು ಕಳ್ಳ ಆದ್ನಲ್ಲ!"

"ಕಳ್ಳ ನೀನಲ್ಲ," ಎಂದಳು ಅಟ್ರಾಕ್ಟಾ. "ಸೂಪ್ ಚೆಲ್ಲಿ ಬಾಯಿ ಮುಚ್ಕೊಂಡಿದ್ದವರು ಬಾಗಿಲ ಹಿಂದೆ ನಿಂತಿದ್ದಾರೆ ನೋಡು."

ಫರ್ಗಲ್ ಇನ್ನಷ್ಟು ಹಿಂದೆ ಸರಿದ.

ಸೋರ್ಖಾ ನಗುತ್ತಿದ್ದಳು, ಕಣ್ಣು ಮಾತ್ರ ತುಂಬಿತ್ತು. "ನಮ್ಮಮ್ಮ ಹಸು ಕಂಡ್ರೆ ರಸ್ತೆ ದಾಟಿ ಆ ಕಡೆ ಹೋಗ್ತಿದ್ರು. ಈಗ ನೋಡಿ, ಹೆರಿಗೆ ಮಾಡ್ಸಿದ್ದಾರೆ!" ಶಾಲನ್ನು ಎತ್ತಿ ಎದೆಗೊತ್ತಿಕೊಂಡಳು. "ಕತ್ತರಿ ಇದ್ಯಾ?"

"ಬೇಡಮ್ಮ, ಅದು ನಿಮ್ಮಮ್ಮಂದು," ಎಂದ ಮಲಾಕಿ.

"ಅದಕ್ಕೇ ಕೇಳ್ತಿರೋದು. ಒಂದು ತುಂಡು ನಿಮ್ಮಮ್ಮನ ಮನೆಗೆ."

ಮಲಾಕಿ ಎರಡೂ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಸಾಲದೆನಿಸಿ ಇನ್ನೊಮ್ಮೆ ಒರೆಸಿಕೊಂಡು ಮುಂದೆ ಚಾಚಿದ.